ಚಾಣಕ್ಯಪುರಿಯ ಆಹ್ವಾನವೂ ಗಾಂಬೆಲಾದ ನೆಲವೂ

ಆಫ್ರಿಕಾ ಖಂಡದ ಯಾವುದಾದರೊಂದು ರಾಷ್ಟ್ರದ ರಾಯಭಾರಿಗಳು ರಾಜ್ಯಕ್ಕೆ ಭೇಟಿ ನೀಡಿದಾಗ ವಾಣಿಜ್ಯ ಸಂಸ್ಥೆಗಳಲ್ಲಿ ಏರ್ಪಡುವ ಸಭೆಗಳಿಗೆ ಒಂದು ನಿಶ್ಚಿತ ಕ್ರಮವಿದೆ. ಮೈಸೂರು ಪೇಟ, ಗಂಧದ ಹಾರ, ಸ್ವಾಗತ ಭಾಷಣ. ಬಳಿಕ ಆ ದೇಶದ ಫಲವತ್ತಾದ ಭೂಮಿ, ಅಗ್ಗದ ಕಾರ್ಮಿಕಶಕ್ತಿ, ಆದಾಯ ತೆರಿಗೆಯ ವಿನಾಯಿತಿ ದೊರೆಯುವ ವರ್ಷಗಳು, ಇವನ್ನೆಲ್ಲ ಪರದೆಯ ಮೇಲೆ ತೋರಿಸುವ ವಿವರಣೆ. ಕೊನೆಯಲ್ಲಿ ಪರಸ್ಪರ ತಿಳಿವಳಿಕೆಯ ಒಡಂಬಡಿಕೆಗೆ ಸಹಿ, ಛಾಯಾಚಿತ್ರ ಮತ್ತು ಭೋಜನ. ಸಭೆ ಮುಗಿದ ಮೇಲೆ ಕೈಗೆ ಬಂದ ಬಣ್ಣದ ಕೈಪಿಡಿಯನ್ನು ವರ್ತಕರು ಮನೆಗೆ ಒಯ್ಯುತ್ತಾರೆ. ಅದರಲ್ಲಿ ಬರೆದಿರುವುದು ಸಾಮಾನ್ಯವಾಗಿ ಸುಳ್ಳಲ್ಲ. ಆದರೆ ಬರೆಯದೆ ಬಿಟ್ಟಿರುವುದರಲ್ಲಿಯೇ ವ್ಯಾಪಾರದ ಲಾಭ-ನಷ್ಟ ಅಡಗಿರುತ್ತದೆ.

ಇಂತಹ ಆಹ್ವಾನವನ್ನು ಹೇಗೆ ಓದಬೇಕು ಎಂಬುದಕ್ಕೆ ಇಥಿಯೋಪಿಯಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ದೆಹಲಿಯ ಚಾಣಕ್ಯಪುರಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಯು ಭಾರತೀಯ ಬಂಡವಾಳವನ್ನು ಆಕರ್ಷಿಸಲು ಎರಡು ದಶಕಗಳಿಂದ ತೋರಿದ ಶ್ರದ್ಧೆ ಗಮನಾರ್ಹವಾದುದು. ಅದರ ಆಹ್ವಾನವನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಸ್ವೀಕರಿಸಿದ ಕಂಪನಿಗಳಲ್ಲಿ ಒಂದು ಬೆಂಗಳೂರಿನದು. 2025ರ ಡಿಸೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅಡಿಸ್ ಅಬಾಬಕ್ಕೆ ಭೇಟಿ ನೀಡಿ ಅಲ್ಲಿನ ಸಂಸತ್ತನ್ನು ಉದ್ದೇಶಿಸಿ ಮಾತನಾಡಿದರು. ಉಭಯ ರಾಷ್ಟ್ರಗಳ ಸಂಬಂಧವನ್ನು ಕಾರ್ಯತಂತ್ರದ ಪಾಲುದಾರಿಕೆಯ ಮಟ್ಟಕ್ಕೆ ಏರಿಸಲಾಯಿತು. ಇಂತಹ ಭೇಟಿಗಳ ಹಿಂದೆಯೇ ಹೊಸ ನಿಯೋಗಗಳು, ಹೊಸ ಕೈಪಿಡಿಗಳು ಬರುವುದು ವಾಡಿಕೆ. ಹಳೆಯ ಲೆಕ್ಕವನ್ನು ಒಮ್ಮೆ ತಾಳೆ ನೋಡಲು ಇದು ತಕ್ಕ ಸಮಯ.

ಸಂಬಂಧವೇನೋ ಹಳೆಯದು. ಸ್ವತಂತ್ರ ಭಾರತ ಮತ್ತು ಇಥಿಯೋಪಿಯಗಳ ನಡುವೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿದ್ದು 1948ರಲ್ಲಿ. ಚಕ್ರವರ್ತಿ ಹೈಲೆ ಸೆಲಾಸಿ 1956ರಲ್ಲಿ ಭಾರತಕ್ಕೆ ಬಂದಿದ್ದರು. ಅವರ ಆಳ್ವಿಕೆಯಲ್ಲಿ ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಿದ ಭಾರತೀಯ ಶಿಕ್ಷಕರ ಸಂಖ್ಯೆ ದೊಡ್ಡದು. ಇಂದಿಗೂ ಆ ದೇಶದ ಹಿರಿಯ ಅಧಿಕಾರಿಗಳು ತಮ್ಮ ಗಣಿತದ ಮೇಷ್ಟ್ರನ್ನು ನೆನೆಯುತ್ತಲೇ ಭಾರತೀಯರೊಡನೆ ಮಾತು ಆರಂಭಿಸುವುದುಂಟು. ಇನ್ನೂ ಹಿಂದೆ ಹೋದರೆ, ಬಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿ ಹಬಶಿ ಸರದಾರರು ಪ್ರಬಲರಾಗಿದ್ದರು. ಮಹಮದ್ ಆದಿಲಶಾಹನ ಕಾಲದ ಇಖ್ಲಾಸ್ ಖಾನ್ ಅವರಲ್ಲಿ ಒಬ್ಬ. ಹಬಶಿ ಎಂಬ ಮಾತಿನ ಮೂಲವೇ ಆ ನಾಡಿನ ಹಳೆಯ ಹೆಸರು. ಆದರೆ ಹಳೆಯ ಸ್ನೇಹವು ಬ್ಯಾಂಕಿನಲ್ಲಿ ಜಾಮೀನಾಗಿ ನಿಲ್ಲುವುದಿಲ್ಲ.

ರಾಯಭಾರ ಕಚೇರಿಯು ವ್ಯಾಪಾರದ ಕೆಲಸವನ್ನು ಮೈಮೇಲೆ ಹಾಕಿಕೊಂಡದ್ದು ಆಕಸ್ಮಿಕವಲ್ಲ. 2002ರಲ್ಲಿ ಇಥಿಯೋಪಿಯ ಸರ್ಕಾರ ಹೊರಡಿಸಿದ ವಿದೇಶಾಂಗ ನೀತಿಯ ದಸ್ತಾವೇಜು, ದೇಶದ ನಿಜವಾದ ಶತ್ರು ಬಡತನವೆಂದು ಗುರುತಿಸಿ, ವಿದೇಶಾಂಗ ವ್ಯವಹಾರವನ್ನು ಆರ್ಥಿಕ ಅಭಿವೃದ್ಧಿಯ ಸಾಧನವನ್ನಾಗಿ ಮಾಡಿತು. ಬಂಡವಾಳ ತರುವುದು, ರಫ್ತಿಗೆ ಮಾರುಕಟ್ಟೆ ಹುಡುಕುವುದು, ಪ್ರವಾಸಿಗರನ್ನು ಕರೆಯುವುದು ರಾಯಭಾರಿಗಳ ಮುಖ್ಯ ಕರ್ತವ್ಯವಾಯಿತು. ಶಿಕ್ಷಣ ಸಚಿವೆಯಾಗಿದ್ದ ಗೆನೆಟ್ ಝೆವ್ಡೆಯವರು 2006ರ ಹೊತ್ತಿಗೆ ದೆಹಲಿಗೆ ರಾಯಭಾರಿಯಾಗಿ ಬಂದು ಹಲವು ವರ್ಷ ಇಲ್ಲಿಯೇ ಉಳಿದು ಈ ಕೆಲಸವನ್ನು ನಡೆಸಿದರು. ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವ ಅಧಿಕಾರಿಗಳನ್ನೇ ಕಂಡ ಉದ್ಯಮಿಗಳಿಗೆ ಒಂದೇ ಮುಖ ಬಹುಕಾಲ ದೊರೆತದ್ದು ದೊಡ್ಡ ಅನುಕೂಲ.

ಅದೇ ಕಾಲದಲ್ಲಿ ಭಾರತದ ಕಡೆಯಿಂದಲೂ ಗಾಳಿ ಅನುಕೂಲವಾಗಿ ಬೀಸಿತು. ಇಥಿಯೋಪಿಯದ ಸಕ್ಕರೆ ಉದ್ಯಮಕ್ಕೆ ಎಕ್ಸಿಂ ಬ್ಯಾಂಕಿನ ಮೂಲಕ 64 ಕೋಟಿ ಡಾಲರುಗಳ ಸಾಲ ಮಂಜೂರಾಯಿತು. 2008ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ ಅತಿ ಹಿಂದುಳಿದ ರಾಷ್ಟ್ರಗಳ ಸರಕಿಗೆ ಸುಂಕ ರಿಯಾಯಿತಿ ಘೋಷಣೆಯಾಯಿತು. ಎರಡನೆಯ ಶೃಂಗಸಭೆ 2011ರ ಮೇ ತಿಂಗಳಲ್ಲಿ ಅಡಿಸ್ ಅಬಾಬದಲ್ಲಿಯೇ ಸೇರಿತು. ಆ ಸಂದರ್ಭದಲ್ಲಿ ಪ್ರಧಾನಿ ಡಾ. ಮನಮೋಹನ ಸಿಂಗ್ ಅವರ ಭೇಟಿಯ ವೇಳೆ ಎರಡೂ ದೇಶಗಳು ಇಮ್ಮಡಿ ತೆರಿಗೆ ನಿವಾರಣಾ ಒಪ್ಪಂದಕ್ಕೆ ಸಹಿ ಹಾಕಿದವು. ಇಥಿಯೋಪಿಯದ ಹೂಡಿಕೆ ಆಯೋಗದಲ್ಲಿ ನೋಂದಾಯಿಸಿಕೊಂಡ ಭಾರತೀಯ ಕಂಪನಿಗಳ ಸಂಖ್ಯೆ ಈಗ ಐದು ನೂರನ್ನು ಮೀರಿದೆ. ನೋಂದಣಿ ಬೇರೆ, ನಡೆಯುತ್ತಿರುವ ಕಾರ್ಖಾನೆ ಬೇರೆ ಎಂಬುದನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು.

ಈಗ ಬೆಂಗಳೂರಿನ ಕರುತುರಿ ಗ್ಲೋಬಲ್ ಕಂಪನಿಯ ಪ್ರಕರಣವನ್ನು ನೋಡಬಹುದು. ಗುಲಾಬಿ ಬೆಳೆದು ರಫ್ತು ಮಾಡುತ್ತಿದ್ದ ಈ ಕಂಪನಿ 2004ರ ಸುಮಾರಿಗೆ ಇಥಿಯೋಪಿಯವನ್ನು ಪ್ರವೇಶಿಸಿತು. ಅಡಿಸ್ ಅಬಾಬದ ಸುತ್ತಲಿನ ಎತ್ತರದ ನೆಲ, ತಂಪಾದ ಹವೆ, ಯೂರೋಪಿನ ಮಾರುಕಟ್ಟೆಗೆ ಒಂದೇ ರಾತ್ರಿಯಲ್ಲಿ ಹೂ ತಲುಪಿಸುವ ವಿಮಾನ ಸೌಕರ್ಯ, ಇವೆಲ್ಲವೂ ಅದು ಬಲ್ಲ ವ್ಯಾಪಾರಕ್ಕೆ ಹೊಂದುವಂತಿದ್ದವು. 2007ರಲ್ಲಿ ಕೀನ್ಯಾದ ನೈವಾಷಾ ಸರೋವರದ ಬಳಿಯ ದೊಡ್ಡ ಹೂ ತೋಟವೊಂದನ್ನು ಕೊಂಡು ವಿಶ್ವದ ಅತಿ ದೊಡ್ಡ ಗುಲಾಬಿ ಉತ್ಪಾದಕರ ಸಾಲಿಗೆ ಅದು ಸೇರಿತು. ಅಲ್ಲಿಯವರೆಗಿನ ಕಥೆ ಯಾವ ಕನ್ನಡಿಗನಿಗೂ ಸಂತೋಷ ತರುವಂತಹುದು.

ಅನಂತರ ಬಂದದ್ದು ಗಾಂಬೆಲಾ. ಇಥಿಯೋಪಿಯದ ಪಶ್ಚಿಮದ ಅಂಚಿನಲ್ಲಿ, ಇಂದಿನ ದಕ್ಷಿಣ ಸುಡಾನಿನ ಗಡಿಗೆ ತಾಗಿರುವ ತಗ್ಗಿನ ಪ್ರದೇಶ ಅದು. ಬಯಲು, ಕಾಡು, ಬಾರೊ ನದಿ, ಅನುವಾಕ್ ಮತ್ತು ನುಯೆರ್ ಜನಾಂಗಗಳು. 2010ರಲ್ಲಿ ಕಂಪನಿಯು ಅಲ್ಲಿ 1 ಲಕ್ಷ ಹೆಕ್ಟೇರ್ ಭೂಮಿಯನ್ನು 50 ವರ್ಷಗಳ ಗುತ್ತಿಗೆಗೆ ಪಡೆಯಿತು. ಕೆಲಸ ತೃಪ್ತಿಕರವಾದರೆ ವಿಸ್ತೀರ್ಣವನ್ನು 3 ಲಕ್ಷ ಹೆಕ್ಟೇರಿಗೆ ಹೆಚ್ಚಿಸುವ ಅವಕಾಶವೂ ಇತ್ತು. ಗೇಣಿ ಎಷ್ಟು? ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಅಂದರೆ ಅಂದಿನ ಲೆಕ್ಕದಲ್ಲಿ ಡಾಲರಿಗಿಂತ ಕೊಂಚ ಹೆಚ್ಚು. ಎರಡೂವರೆ ಎಕರೆಗೆ ವರ್ಷಕ್ಕೆ ಐವತ್ತು-ಅರವತ್ತು ರೂಪಾಯಿ! ಈ ದರವನ್ನು ಕೇಳಿದ ಕೂಡಲೇ ಯಾವ ಗುಮಾಸ್ತನಿಗಾದರೂ ಅನುಮಾನ ಹುಟ್ಟಬೇಕಿತ್ತು. ಭೂಮಿ ಇಷ್ಟು ಅಗ್ಗವಾಗಿದ್ದರೆ ಅದರ ನಿಜವಾದ ಬೆಲೆಯನ್ನು ಇನ್ನೆಲ್ಲೋ, ಇನ್ನಾರೋ ತೆರುತ್ತಿದ್ದಾರೆ ಎಂದೇ ಅರ್ಥ.

ತೆತ್ತವರು ಮೊದಲು ಅಲ್ಲಿನ ಜನ. ಸರ್ಕಾರದ ಕಾಗದದಲ್ಲಿ ಖಾಲಿಯೆಂದು ತೋರಿಸಿದ್ದ ಭೂಮಿಯಲ್ಲಿ ಅವರು ದನ ಮೇಯಿಸುತ್ತಿದ್ದರು, ಜೋಳ ಬಿತ್ತುತ್ತಿದ್ದರು, ಮೀನು ಹಿಡಿಯುತ್ತಿದ್ದರು. 2010ರಲ್ಲಿಯೇ ಗಾಂಬೆಲಾದಲ್ಲಿ ಹಳ್ಳಿಗಳ ಸ್ಥಳಾಂತರ ಕಾರ್ಯಕ್ರಮ ಆರಂಭವಾಯಿತು. ಅದು ಬಲವಂತದ ಸ್ಥಳಾಂತರವೆಂದು 2012ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿ ಮಾಡಿತು; ಸರ್ಕಾರ ಒಪ್ಪಲಿಲ್ಲ. ಕಂಪನಿಯ ಹೆಸರು ಜಗತ್ತಿನಾದ್ಯಂತ ಭೂಕಬಳಿಕೆಯ ಚರ್ಚೆಗೆ ಸಿಕ್ಕಿತು. ತೆತ್ತವರಲ್ಲಿ ಎರಡನೆಯವರು ಹೂಡಿಕೆದಾರರು. 2011ರ ಮಳೆಗಾಲದಲ್ಲಿ ಬಾರೊ ನದಿ ಉಕ್ಕಿ, ಕಟ್ಟಿದ್ದ ಒಡ್ಡುಗಳನ್ನು ಮೀರಿ, ಮೆಕ್ಕೆಜೋಳದ ಬೆಳೆಯನ್ನು ನುಂಗಿತು. ನಷ್ಟ ಸುಮಾರು 1.5 ಕೋಟಿ ಡಾಲರ್ ಎಂದು ಕಂಪನಿಯೇ ಹೇಳಿತು. ಅದು ಪ್ರವಾಹದ ಬಯಲು ಎಂಬುದು ಅಲ್ಲಿನ ಯಾವ ದನಗಾಹಿಗೂ ತಿಳಿದಿದ್ದ ವಿಷಯ. ಅವನನ್ನು ಕೇಳುವ ಪರಿಪಾಠ ಯೋಜನಾ ವರದಿಗಳಲ್ಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಕೀನ್ಯಾದ ಕಂದಾಯ ಪ್ರಾಧಿಕಾರವು ಕಂಪನಿಯ ಸಮೂಹದೊಳಗಿನ ಮಾರಾಟ ದರಗಳನ್ನು ಪ್ರಶ್ನಿಸಿ ತೆರಿಗೆ ಬೇಡಿಕೆ ಹೊರಿಸಿತು; ಕಂಪನಿ ಅದನ್ನು ವಿರೋಧಿಸಿತು. 2014ರಲ್ಲಿ ನೈವಾಷಾದ ತೋಟವನ್ನು ಸಾಲ ಕೊಟ್ಟ ಬ್ಯಾಂಕು ರಿಸೀವರನ ವಶಕ್ಕೆ ಒಪ್ಪಿಸಿತು. 2015ರ ಡಿಸೆಂಬರಿನಲ್ಲಿ ಇಥಿಯೋಪಿಯದ ಅಧಿಕಾರಿಗಳು, ನಿಗದಿತ ಅವಧಿಯಲ್ಲಿ ಅಭಿವೃದ್ಧಿಯಾದದ್ದು 1,200 ಹೆಕ್ಟೇರ್ ಮಾತ್ರವೆಂದು ಹೇಳಿ ಗಾಂಬೆಲಾದ ಗುತ್ತಿಗೆಯನ್ನು ರದ್ದುಪಡಿಸಿದರು. ಕಂಪನಿ ಈ ರದ್ದತಿಯನ್ನು ಒಪ್ಪಲಿಲ್ಲ. ಯಾರ ವಾದ ಎಷ್ಟು ಸರಿ ಎಂಬುದನ್ನು ಬದಿಗಿಟ್ಟರೂ, ಷೇರು ಕೊಂಡ ಸಣ್ಣ ಹೂಡಿಕೆದಾರರ ಪಾಲಿಗೆ ಉಳಿದದ್ದು ಕಾಗದವಷ್ಟೇ.

ಇದರಲ್ಲಿ ರಾಯಭಾರ ಕಚೇರಿಯ ತಪ್ಪೇನು? ವ್ಯಾವಹಾರಿಕವಾಗಿ ನೋಡಿದರೆ ಹೆಚ್ಚೇನೂ ಇಲ್ಲ. ಜಾತ್ರೆಗೆ ಎತ್ತು ತಂದವನು ಅದರ ಸುಳಿಯ ದೋಷವನ್ನು ತಾನಾಗಿಯೇ ಹೇಳುವುದಿಲ್ಲ. ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಕೊಳ್ಳುವುದು ಕೊಳ್ಳುವವನ ಕೆಲಸ. ರಾಯಭಾರಿಯು ತನ್ನ ದೇಶದ ಪರವಾಗಿ ಸಂಬಳ ಪಡೆಯುವ ವ್ಯಕ್ತಿ. ಆತ ಕೊಡುವ ಭರವಸೆ ಆ ಸರ್ಕಾರದ ಇಚ್ಛೆಯನ್ನು ತಿಳಿಸುತ್ತದೆ. ಆ ಇಚ್ಛೆಯನ್ನು ಈಡೇರಿಸುವ ಸಾಮರ್ಥ್ಯವನ್ನಲ್ಲ. ಕೇಂದ್ರ ಸರ್ಕಾರ ಭೂಮಿ ಕೊಟ್ಟಿತೆಂದ ಮಾತ್ರಕ್ಕೆ ಪ್ರಾಂತದ ಆಡಳಿತ, ಪಕ್ಕದ ಹಳ್ಳಿ, ನದಿ, ಇವು ಒಪ್ಪಿವೆ ಎಂದಾಗುವುದಿಲ್ಲ. ಅತ್ತ ಭಾರತದ ರಾಯಭಾರ ಕಚೇರಿಯ ಶಕ್ತಿಗೂ ಮಿತಿಯಿದೆ. 2018ರ ಕೊನೆಯಲ್ಲಿ ಭಾರತದ ಮೂಲಸೌಕರ್ಯ ಸಮೂಹವೊಂದು ಕುಸಿದಾಗ, ಸಂಬಳ ಬಾರದ ಸ್ಥಳೀಯ ನೌಕರರು ಇಥಿಯೋಪಿಯದಲ್ಲಿ ಅದರ ಏಳು ಮಂದಿ ಭಾರತೀಯ ಸಿಬ್ಬಂದಿಯನ್ನು ತಡೆಹಿಡಿದಿದ್ದರು. ಆ ಸಿಬ್ಬಂದಿಗೆ ಉಭಯ ರಾಷ್ಟ್ರಗಳ ಚಿರಸ್ನೇಹದಿಂದ ತತ್‌ಕ್ಷಣಕ್ಕೆ ಯಾವ ಪ್ರಯೋಜನವೂ ಆಗಲಿಲ್ಲ.

ಲಕ್ಷ ಹೆಕ್ಟೇರಿನ ಮಾತು ಸಣ್ಣ ತಯಾರಕರಿಗೆ ಏಕೆ ಎಂಬ ಪ್ರಶ್ನೆ ಸಹಜ. ಪಂಪು, ರೈಸ್ ಮಿಲ್ಲಿನ ಯಂತ್ರ, ಕಾಫಿ ಸಂಸ್ಕರಣೆಯ ಯಂತ್ರ, ಔಷಧ, ಪ್ಲಾಸ್ಟಿಕ್ ಸಾಮಾನು ಕಳುಹಿಸುವವರಿಗೆ ಗಾಂಬೆಲಾದ ಪ್ರವಾಹ ತಟ್ಟದೆ ಇರಬಹುದು. ಆದರೆ ವಿದೇಶಿ ವಿನಿಮಯದ ಬರ ತಟ್ಟದೆ ಬಿಡದು. ಕೈಪಿಡಿಗಳು ಬಾಯಿ ಬಿಡದ ಮೊದಲ ವಿಷಯ ಇದು. ಇಥಿಯೋಪಿಯಕ್ಕೆ 1993ರಲ್ಲಿ ಎರಿಟ್ರಿಯ ಬೇರ್ಪಟ್ಟ ಬಳಿಕ ಸಮುದ್ರ ತೀರವಿಲ್ಲ; ಅದರ ಸರಕಿನ ಬಹುಪಾಲು ಜಿಬೂಟಿ ಬಂದರಿನ ಮೂಲಕವೇ ಸಾಗಬೇಕು. ಕಾಫಿ, ಎಣ್ಣೆಬೀಜ, ಹೂ ಮಾರಿ ಗಳಿಸಿದ ಡಾಲರುಗಳು ಇಂಧನ, ಗೊಬ್ಬರ, ಔಷಧ ಕೊಳ್ಳುವುದಕ್ಕೇ ಸಾಲುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಆಮದುದಾರ ಪ್ರಾಮಾಣಿಕನೇ ಆಗಿದ್ದರೂ, ಅವನ ಖಾತೆಯಲ್ಲಿ ಬಿರ್ ತುಂಬಿದ್ದರೂ, ಎಲ್.ಸಿ. ತೆರೆಯಲು ಬ್ಯಾಂಕಿನ ಮುಂದೆ ತಿಂಗಳುಗಟ್ಟಲೆ ಸರದಿ ಕಾಯಬೇಕಾಗುತ್ತಿತ್ತು. ಸರಕು ಕಳುಹಿಸಿ ದಾಖಲೆಗಳನ್ನು ಸಂಗ್ರಹಣೆಗೆ ಕೊಟ್ಟ ರಫ್ತುದಾರನ ಸ್ಥಿತಿ ಇನ್ನೂ ಶೋಚನೀಯ. 2023ರ ಡಿಸೆಂಬರಿನಲ್ಲಿ 100 ಕೋಟಿ ಡಾಲರಿನ ಬಾಂಡಿನ ಮೇಲೆ ಸಲ್ಲಬೇಕಾಗಿದ್ದ 3.3 ಕೋಟಿ ಡಾಲರ್ ಬಡ್ಡಿಯನ್ನು ಕಟ್ಟಲಾಗದೆ ಸರ್ಕಾರವೇ ಸುಸ್ತಿದಾರನಾಯಿತು. ಅಂದಹಾಗೆ, ಖರ್ಚು ತಗ್ಗಿಸುವುದಕ್ಕಾಗಿ 2021ರಲ್ಲಿ ಆ ದೇಶ ತನ್ನ ಹಲವು ರಾಯಭಾರ ಕಚೇರಿಗಳನ್ನೇ ಮುಚ್ಚಲು ಹೊರಟಿತ್ತು. ಉಳಿದವುಗಳಲ್ಲಿ ದೆಹಲಿಯದೂ ಒಂದು.

2024ರ ಜುಲೈ ಕೊನೆಯಲ್ಲಿ ಸರ್ಕಾರ ಬಿರ್ ನಾಣ್ಯದ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಂತಾರಾಷ್ಟ್ರೀಯ ಹಣಕಾಸು ನಿಧಿ 340 ಕೋಟಿ ಡಾಲರುಗಳ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಡಾಲರಿಗೆ 57ರ ಸುಮಾರಿದ್ದ ಬಿರ್ ಕೆಲವೇ ವಾರಗಳಲ್ಲಿ 100ನ್ನು, 2025ರಲ್ಲಿ 130ನ್ನೂ ದಾಟಿತು. ಸುಧಾರಣೆ ಅಗತ್ಯವಿತ್ತು, ವಿನಿಮಯದ ಬಿಗಿ ಸಡಿಲಗೊಂಡದ್ದೂ ನಿಜ. ಆದರೆ ಲೆಕ್ಕ ಮಾಡಿ ನೋಡಬೇಕು. ಅಲ್ಲಿ ಕಾರ್ಖಾನೆ ನಡೆಸಿ 57 ಲಕ್ಷ ಬಿರ್ ಲಾಭ ಗಳಿಸಿ, ಡಾಲರ್ ಸಿಗದೆ ಅದನ್ನು ಬ್ಯಾಂಕಿನಲ್ಲಿಯೇ ಇಟ್ಟಿದ್ದ ಉದ್ಯಮಿಯ ಪುಸ್ತಕದಲ್ಲಿ ಅದು 1 ಲಕ್ಷ ಡಾಲರ್. ದರ 114ಕ್ಕೆ ಇಳಿದ ದಿನ ಅದೇ ಹಣ 50 ಸಾವಿರ ಡಾಲರ್. ಸರಕು ಕೆಡಲಿಲ್ಲ, ಗಿರಾಕಿ ಮೋಸ ಮಾಡಲಿಲ್ಲ, ಲೆಕ್ಕ ತಪ್ಪಲಿಲ್ಲ. ಅರ್ಧ ಗಂಟು ಕರಗಿತು. ಲಾಭ ತರುವ ಸ್ವಾತಂತ್ರ್ಯವಿದೆಯೆಂದು ಕಾನೂನು ಹೇಳುವುದು ಬೇರೆ, ತರುವ ದಿನ ಬ್ಯಾಂಕಿನಲ್ಲಿ ಡಾಲರ್ ಇರುವುದು ಬೇರೆ.

ಎರಡನೆಯ ವಿಷಯ ತೆರಿಗೆ ರಜೆ. ಐದು ವರ್ಷ, ಹತ್ತು ವರ್ಷ ತೆರಿಗೆಯಿಲ್ಲವೆಂಬ ಮಾತು ಕೇಳಿದೊಡನೆ ವರ್ತಕರ ಕಣ್ಣು ಅರಳುವುದು ಸ್ವಾಭಾವಿಕ. ಆದರೆ ಭಾರತದ ನಿವಾಸಿಯ ಆದಾಯ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಭಾರತದಲ್ಲಿ ತೆರಿಗೆಗೆ ಒಳಪಡುತ್ತದೆ. ಪಾಲುದಾರಿಕೆ ಸಂಸ್ಥೆಯೊಂದು ಅಲ್ಲಿ ಶಾಖೆ ತೆರೆದು ಲಾಭ ಗಳಿಸಿದರೆ, ಅಲ್ಲಿ ಕಟ್ಟಿದ ತೆರಿಗೆಯಷ್ಟನ್ನು ಇಲ್ಲಿ ಕಳೆದುಕೊಳ್ಳಬಹುದು; ಅಲ್ಲಿ ಏನನ್ನೂ ಕಟ್ಟದಿದ್ದರೆ ಕಳೆಯುವುದಕ್ಕೆ ಏನೂ ಇರುವುದಿಲ್ಲ. ಒಪ್ಪಂದದಲ್ಲಿ ಅದಕ್ಕೆಂದೇ ವಿಶೇಷ ಕಲಮು ಇಲ್ಲದಿದ್ದರೆ, ಇಥಿಯೋಪಿಯ ಬಿಟ್ಟುಕೊಟ್ಟ ತೆರಿಗೆ ಉದ್ಯಮಿಯ ಕಿಸೆಗೆ ಬರದೆ ದೆಹಲಿಯ ಖಜಾನೆಗೆ ಸೇರುತ್ತದೆ. ಅಲ್ಲಿಯೇ ಪ್ರತ್ಯೇಕ ಕಂಪನಿ ಸ್ಥಾಪಿಸಿದರೆ ಸ್ಥಿತಿ ಬೇರೆ. ಲಾಭಾಂಶ ಬಂದಾಗ ಮಾತ್ರ ಇಲ್ಲಿ ತೆರಿಗೆ. ಆದರೆ ಆಗ ಆ ಕಂಪನಿಯ ಆಡಳಿತ ನಿಜವಾಗಿ ಎಲ್ಲಿಂದ ನಡೆಯುತ್ತಿದೆ, ಸೋದರ ಸಂಸ್ಥೆಗಳ ನಡುವಿನ ದರ ಮಾರುಕಟ್ಟೆಯ ದರವೇ ಎಂಬ ಪ್ರಶ್ನೆಗಳು ಏಳುತ್ತವೆ. ಪೀಣ್ಯದಲ್ಲಿ ಕುಳಿತು ಎಲ್ಲ ಚೆಕ್ಕಿಗೂ ಸಹಿ ಹಾಕುವ ಮಾಲೀಕನಿಗೆ ಮೊದಲ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. 2011ರ ಒಪ್ಪಂದ 2012ರಲ್ಲಿ ಜಾರಿಗೆ ಬಂದಿದೆ. ಹಣ ಕಳುಹಿಸುವ ಮುನ್ನ ಅದನ್ನು ಆದ್ಯಂತವಾಗಿ ಓದಿಸಿಕೊಳ್ಳುವ ಖರ್ಚು, ಒಂದು ವಿಮಾನ ಟಿಕೆಟ್ಟಿಗಿಂತ ಕಡಿಮೆ.

ಅಗ್ಗದ ಕೂಲಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2016ರಲ್ಲಿ ಉದ್ಘಾಟನೆಯಾದ ಹವಾಸಾ ಕೈಗಾರಿಕಾ ಪಾರ್ಕಿನಲ್ಲಿ ಸಿದ್ಧ ಉಡುಪು ಕಾರ್ಮಿಕರ ಮೂಲ ವೇತನ ತಿಂಗಳಿಗೆ 26 ಡಾಲರ್ ಎಂದು 2019ರ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಧ್ಯಯನವೊಂದು ತೋರಿಸಿತು. ಅದೇ ಅಧ್ಯಯನ, ಆ ಸಂಬಳದಲ್ಲಿ ಬದುಕಲಾಗದೆ ಕಾರ್ಮಿಕರು ಕೆಲಸ ಬಿಟ್ಟುಹೋಗುತ್ತಿದ್ದರೆಂದೂ ಹೇಳಿತು. ಟಿಗ್ರೇ ಯುದ್ಧದ ಕಾರಣದಿಂದ 2022ರ ಜನವರಿ 1ರಂದು ಅಮೆರಿಕದ ಸುಂಕರಹಿತ ಮಾರುಕಟ್ಟೆಯ ಸೌಲಭ್ಯವೂ ತಪ್ಪಿತು. ಅಗ್ಗದ ಕೂಲಿ ಮತ್ತು ಸುಂಕ ವಿನಾಯಿತಿ, ಈ ಎರಡೇ ಕಂಬಗಳ ಮೇಲೆ ನಿಂತಿದ್ದ ಕಾರ್ಖಾನೆಗಳು ಅವುಗಳಲ್ಲಿ ಒಂದನ್ನು ಕಳೆದುಕೊಂಡವು.

ಇಷ್ಟೆಲ್ಲ ಹೇಳಿದ್ದು ಇಥಿಯೋಪಿಯದ ಕಡೆ ತಲೆ ಹಾಕಬಾರದೆಂಬ ಅರ್ಥದಲ್ಲಿ ಅಲ್ಲ. 12 ಕೋಟಿಗೂ ಮೀರಿದ ಜನಸಂಖ್ಯೆಯ, ಆಫ್ರಿಕನ್ ಒಕ್ಕೂಟದ ಕೇಂದ್ರ ಕಚೇರಿಯಿರುವ, ಖಂಡದ ಅತಿ ದೊಡ್ಡ ವಿಮಾನ ಸಂಸ್ಥೆಯನ್ನು ನಡೆಸುವ ದೇಶವನ್ನು ಬಿಟ್ಟು ಆಫ್ರಿಕಾದ ವ್ಯಾಪಾರ ಮಾಡಲಾಗದು. ಆ ವಿಮಾನ ಸಂಸ್ಥೆ 2019ರ ಅಕ್ಟೋಬರಿನಲ್ಲಿಯೇ ಬೆಂಗಳೂರಿಗೆ ಪ್ರಯಾಣಿಕ ಸೇವೆ ಆರಂಭಿಸಿತು. 2024ರ ಏಪ್ರಿಲಿನಲ್ಲಿ, ಅಲ್ಲಿಯವರೆಗೆ ದೇಶೀಯರಿಗೇ ಮೀಸಲಾಗಿದ್ದ ಆಮದು, ಸಗಟು ಮತ್ತು ಚಿಲ್ಲರೆ ವ್ಯಾಪಾರವನ್ನೂ ಕಾಫಿ, ಎಣ್ಣೆಬೀಜ, ಬೇಳೆಕಾಳುಗಳ ರಫ್ತನ್ನೂ ಷರತ್ತುಗಳೊಡನೆ ವಿದೇಶಿಯರಿಗೆ ತೆರೆಯಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿದೇಶಿ ಬ್ಯಾಂಕುಗಳ ಪ್ರವೇಶಕ್ಕೂ ಸಂಸತ್ತು ಒಪ್ಪಿತು. ಕಾಫಿ ಸಸ್ಯದ ತವರು ಆ ನಾಡು. ಚಿಕ್ಕಮಗಳೂರು, ಕೊಡಗುಗಳ ಬೆಳೆಗಾರರು ಅದನ್ನು ಪ್ರತಿಸ್ಪರ್ಧಿಯೆಂದು ಮಾತ್ರ ಎಣಿಸಿದ್ದಾರೆ. ಸಂಸ್ಕರಣಾ ಯಂತ್ರ ತಯಾರಿಸುವವರಿಗೆ ಅದೊಂದು ಮಾರುಕಟ್ಟೆಯೂ ಹೌದು.

ವಿಚಿತ್ರವೆಂದರೆ, ರಾಯಭಾರ ಕಚೇರಿಯಿಂದ ಹೆಚ್ಚು ನಿಜವಾದ ಉಪಯೋಗ ಆಗಬಹುದಾದದ್ದು ದೊಡ್ಡವರಿಗಿಂತ ಸಣ್ಣವರಿಗೆ. ದೊಡ್ಡ ಕಂಪನಿ ತನ್ನ ವಕೀಲರನ್ನು ಅಡಿಸ್ ಅಬಾಬಕ್ಕೇ ಕಳುಹಿಸಬಲ್ಲದು. ಹುಬ್ಬಳ್ಳಿಯ ಪಂಪು ತಯಾರಕನಿಗೆ ಬೇಕಾದುದು ಚಿಕ್ಕ ಸಹಾಯಗಳು. ಆರ್ಡರು ಕೊಟ್ಟ ಸಂಸ್ಥೆ ಅಲ್ಲಿ ನೋಂದಣಿಯಾಗಿದೆಯೇ, ಅದರ ವ್ಯಾಪಾರ ಪರವಾನಗಿ ಈ ವರ್ಷಕ್ಕೆ ನವೀಕರಣವಾಗಿದೆಯೇ, ಟೆಂಡರಿನ ಪತ್ರ ಅಸಲಿಯೇ? ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಬರೆದು ಕೇಳಬಹುದಾದ ಪ್ರಶ್ನೆಗಳಿವು. ಮುಂಬಯಿಯಲ್ಲಿ ಆ ದೇಶದ ಕಾನ್ಸುಲೇಟ್ ಕೂಡ ಇದೆ. ಅಲ್ಲಿ ಕಂಪನಿ ನೋಂದಾಯಿಸುವವರ ಅಧಿಕಾರಪತ್ರ, ನಿರ್ದೇಶಕ ಮಂಡಲಿಯ ಠರಾವು ಮುಂತಾದವಕ್ಕೆ ಇಥಿಯೋಪಿಯದ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಈ ಕೆಲಸಕ್ಕೆ ಹಿಡಿಯುವ ವಾರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗುತ್ತಿಗೆಯ ಗಡುವು ಒಪ್ಪಿಕೊಂಡು ಪೇಚಾಡುವವರಿದ್ದಾರೆ. ಪೂರ್ಣ ವಿದೇಶಿ ಒಡೆತನದ ಯೋಜನೆಗೆ ಸಾಮಾನ್ಯವಾಗಿ ಕನಿಷ್ಠ 2 ಲಕ್ಷ ಡಾಲರ್, ಸ್ಥಳೀಯರೊಡನೆ ಕೂಡಿ ಮಾಡುವುದಾದರೆ 1.5 ಲಕ್ಷ ಡಾಲರ್ ಬಂಡವಾಳ ತರಬೇಕೆಂದು 2020ರ ಹೂಡಿಕೆ ಕಾನೂನು ಹೇಳುತ್ತದೆ. ಇದನ್ನು ತಿಳಿದ ಮೇಲೆ ಬಹಳಷ್ಟು ಸಣ್ಣ ತಯಾರಕರಿಗೆ ಅಲ್ಲಿ ಕಾರ್ಖಾನೆ ಕಟ್ಟುವುದಕ್ಕಿಂತ ಇಲ್ಲಿಂದ ಸರಕು ಕಳುಹಿಸುವುದೇ ಮೇಲೆಂದು ತೋರೀತು.

ಆಮದು ಮಾಡುವವರಿಗೂ ಒಂದು ಮಾತು. ಬೇಳೆಕಾಳು, ಎಣ್ಣೆಬೀಜ, ಚರ್ಮ ಇಥಿಯೋಪಿಯದಿಂದ ಬರುತ್ತವೆ. ಅತಿ ಹಿಂದುಳಿದ ರಾಷ್ಟ್ರಗಳಿಗಿರುವ ಸುಂಕ ರಿಯಾಯಿತಿ ಪಡೆಯಲು ಮೂಲದೇಶ ಪ್ರಮಾಣಪತ್ರ ಸಾಲದು. 2020ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಕಸ್ಟಮ್ಸ್ ನಿಯಮಗಳ ಪ್ರಕಾರ ಸರಕು ನಿಜವಾಗಿ ಆ ದೇಶದ್ದೇ ಎಂಬುದಕ್ಕೆ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡಿರಬೇಕು. ಗಡಿಯಾಚೆಯ ಸುಡಾನಿನ ಎಳ್ಳು ಇಥಿಯೋಪಿಯದ ಚೀಲದಲ್ಲಿ ಬಂದರೆ ದಂಡ ಕಟ್ಟುವವನು ಇಲ್ಲಿಯವನು. ರಫ್ತುದಾರರಿಗಾದರೆ ಹಣ ತರಿಸುವ ಅವಧಿಯನ್ನು ರಿಸರ್ವ್ ಬ್ಯಾಂಕು 2025ರ ನವೆಂಬರಿನಲ್ಲಿ 9 ತಿಂಗಳಿನಿಂದ 15 ತಿಂಗಳಿಗೆ ವಿಸ್ತರಿಸಿದೆ. ಇದು ನೆಮ್ಮದಿಯ ಸಂಗತಿ. ಆದರೆ ಬ್ಯಾಂಕಿನ ಓವರ್‌ಡ್ರಾಫ್ಟಿನ ಬಡ್ಡಿಗೆ ಯಾವ ವಿಸ್ತರಣೆಯೂ ಇಲ್ಲ. ದೃಢೀಕೃತ ಎಲ್.ಸಿ., ಇಲ್ಲವೇ ಮುಂಗಡ, ಜೊತೆಗೆ ಇ.ಸಿ.ಜಿ.ಸಿ. ವಿಮೆ, ಇವಿಲ್ಲದೆ ಜಿಬೂಟಿಗೆ ಕಂಟೇನರ್ ಹತ್ತಿಸುವುದು ಜೂಜು.

ಇನ್ನು ವಾಣಿಜ್ಯ ಸಂಸ್ಥೆಗಳ ವಿಚಾರ. ವಾರ್ಷಿಕ ವರದಿಗಳಲ್ಲಿ ಎಷ್ಟು ರಾಯಭಾರಿಗಳು ಬಂದರು, ಎಷ್ಟು ಒಡಂಬಡಿಕೆಗಳಿಗೆ ಸಹಿಯಾಯಿತು ಎಂಬ ಪಟ್ಟಿ ಇರುತ್ತದೆ. ಅವುಗಳಲ್ಲಿ ಎಷ್ಟರಿಂದ ಒಂದು ಇನ್ವಾಯ್ಸ್ ಆದರೂ ಹುಟ್ಟಿತು ಎಂಬ ಕಾಲಮು ಇರುವುದಿಲ್ಲ. ನಿಯೋಗದಲ್ಲಿ ಹೋಗಿ ಬಂದವರು ತಮಗಾದ ನಷ್ಟವನ್ನು ಮಾನಭಯದಿಂದ ಮುಚ್ಚಿಡುತ್ತಾರೆ. ಲಾಭವಾದವರು ಪೈಪೋಟಿಯ ಭಯದಿಂದ ಹೇಳುವುದಿಲ್ಲ. ಹೀಗಾಗಿ ಪ್ರತಿ ಹೊಸ ವರ್ತಕನೂ ಅದೇ ಪಾಠವನ್ನು ತನ್ನದೇ ದುಡ್ಡಿನಿಂದ ಕಲಿಯುತ್ತಿದ್ದಾನೆ. ಹಣ ಸಿಕ್ಕಿಹಾಕಿಕೊಂಡ ಸದಸ್ಯರ ಪ್ರಕರಣಗಳನ್ನು ಹೆಸರು ಹೇಳದೆ ಒಟ್ಟುಗೂಡಿಸಿ, ರಾಯಭಾರಿಗಳು ಬರುವ ಹದಿನೈದು ದಿನ ಮುಂಚೆ ಲಿಖಿತ ಪ್ರಶ್ನೆಗಳಾಗಿ ಅವರ ವಾಣಿಜ್ಯ ವಿಭಾಗಕ್ಕೆ ಕಳುಹಿಸಿದರೆ, ಅದರಿಂದ ಯಾವ ಅಗೌರವವೂ ಆಗದು. ಬಾಕಿ ಉಳಿದ ಇನ್ವಾಯ್ಸುಗಳೆಷ್ಟು, ಅವಕ್ಕೆ ಅಲ್ಲಿನ ರಾಷ್ಟ್ರೀಯ ಬ್ಯಾಂಕು ಡಾಲರ್ ಬಿಡುಗಡೆ ಮಾಡುವುದು ಯಾವಾಗ, ಗುತ್ತಿಗೆ ರದ್ದಾದರೆ ಹೂಡಿದ ಬಂಡವಾಳದ ಪರಿಹಾರ ನಿರ್ಧರಿಸುವವರು ಯಾರು? ಉತ್ತರ ತರಲು ಒಪ್ಪುವ ರಾಯಭಾರಿಗೆ ಪೇಟ ತೊಡಿಸುವುದು ಸಾರ್ಥಕ. ಸಿದ್ಧ ಉತ್ತರವಿಲ್ಲದಿದ್ದರೂ, ಕೇಳಿ ತಿಳಿಸುತ್ತೇನೆಂದು ಹೇಳಿ ಅಡಿಸ್ ಅಬಾಬಕ್ಕೆ ಪತ್ರ ಬರೆಯುವವರು ಆ ಕಚೇರಿಯಲ್ಲಿ ಇಲ್ಲದಿಲ್ಲ. ಅವರ ಮುಂದೆ ಇಂತಹ ಪ್ರಶ್ನೆಪಟ್ಟಿಯನ್ನು ಇಡುವ ರೂಢಿಯೇ ಇಲ್ಲಿನ ವಾಣಿಜ್ಯ ಸಂಸ್ಥೆಗಳಿಗೆ ಇನ್ನೂ ಬಂದಿಲ್ಲ.